ಪರದೆಯ ಈಚೆಗಿನ ಪಟ

ಎಂಬತ್ತರ ದಶಕದಲ್ಲಿ ಸೀರೆ ಅಂಗಡಿಯೊಂದರ ಕ್ಯಾಲೆಂಡರಿಗೆ ಪಟ ತೆಗೆಯಲು ಕೊಟ್ಟಾರದ ಒಂದು ಕೋಣೆಗೆ ಹೋಗಿದ್ದೆ. ಸೀರೆ ಉಟ್ಟು ನಿಲ್ಲುವವಳು ಕುದ್ರೋಳಿಯ ಹೊಲಿಗೆ ಟೀಚರ್ ಸುನೀತಾ. ಬಟ್ಟೆ ಬದಲಿಸಲು ಕಟ್ಟಿದ್ದು ಒಂದು ತೆಳ್ಳಗಿನ ಪರದೆ. ಅದರೆದುರಿಗೇ ಅಂಗಡಿ ಧಣಿಗಳ ಮೂವರು ಗೆಳೆಯರು ಚಾ ಹಿಡಿದು ಕೂತಿದ್ದರು.

"ಇವರು ಹೊರಗೆ ಹೋಗಲಿ," ಎಂದಳು ಸುನೀತಾ.

"ಎಲ್ಲ ನಮ್ಮವರೇ ಮಾರಾಯ್ತಿ, ಎಂತ ನಾಚಿಕೆ? ಆಗದಿದ್ದರೆ ಬೇರೆ ಹುಡುಗಿ ಉಂಟು," ಎಂದರು ಧಣಿ.

ಅವಳು ಕದಲಲಿಲ್ಲ. ನಾನು ಕ್ಯಾಮೆರಾವನ್ನು ಗೆಳೆಯರತ್ತ ತಿರುಗಿಸಿ ಫ್ಲ್ಯಾಶ್ ಹೊಡೆದೆ.

"ಇದೆಂತದು?" ಒಬ್ಬರು ಎದ್ದು ನಿಂತರು.

"ಪರದೆ ನೋಡುತ್ತಿರುವ ನಿಮ್ಮ ಪಟ. ಮನೆಗೇ ಕಳಿಸ್ತೇನೆ, ನಿಮ್ಮ ಹೆಂಡತಿಯರೂ ನೋಡಲಿ."

ಚಾ ಅರ್ಧಕ್ಕೇ ಬಿಟ್ಟು ಮೂವರೂ ಹೊರಬಿದ್ದರು, ಹಿಂದೆಯೇ ಧಣಿ. ಸುನೀತಾ ನನ್ನನ್ನೂ ಹೊರಗೆ ಕಳಿಸಿ ಚಿಲಕ ಹಾಕಿದಳು.

ಕ್ಯಾಮೆರಾಕ್ಕೆ ನಾನಿನ್ನೂ ಫಿಲ್ಮ್ ರೋಲನ್ನೇ ಹಾಕಿರಲಿಲ್ಲ. ಆ ಮೂವರಲ್ಲಿ ಒಬ್ಬರು ಈಗಲೂ ಎದುರಾದರೆ ಮೆಲ್ಲಗೆ ನೆಗೆಟಿವ್ ಕೇಳುತ್ತಾರೆ. ಜೋಪಾನವಾಗಿ ಉಂಟು ಎನ್ನುತ್ತೇನೆ.