ಬಲಗೈಯಲ್ಲಿ ಹಿಡಿದು ನೋಡಿ ತಂದ ಮೌಸ್

ಆಗ ನನಗೆ ಅರವತ್ತೇಳು. ಈಗ್ಗೆ ಎರಡು ವರ್ಷದ ಮಾತು. ಲಗ್ಗೆರೆಯಲ್ಲಿ ಒಂದು ಬಾಡಿಗೆ ಕಟ್ಟಡದ ಕೆಳಗಿನ ಮನೆಯಲ್ಲಿ ನಾನು, ನನ್ನ ಮಗಳು ಇಬ್ಬರೇ ಇದ್ದೆವು. ಮಗಳು ಗಂಡನನ್ನು ಬಿಟ್ಟು ಬಂದವಳು. ಪೀಣ್ಯದಲ್ಲಿ ಪ್ಲಾಸ್ಟಿಕ್ ಸಾಮಾನಿಗೆ ಅಚ್ಚು ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕಂಪ್ಯೂಟರಿನ ಮೇಲೆ ಡ್ರಾಯಿಂಗ್ ಮಾಡುತ್ತಿದ್ದಳು. ಅವಳ ದುಡಿಮೆಯಲ್ಲೇ ಇಬ್ಬರ ಊಟ.

ಅವಳು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡು ಮೂರು ವಾರವಾಗಿತ್ತು. ಮೊಣಕೈವರೆಗೆ ಪ್ಲಾಸ್ಟರ್. ಅಂಥ ಹೊತ್ತಿನಲ್ಲಿ ಅವಳ ಓನರು ಕೊಯಮತ್ತೂರಿಗೆ ಹೋಗು ಅಂದ.

“ಪಾರ್ಟಿ ಎದುರುಗಡೆ ಕೂತ್ಕೊಂಡು ಡ್ರಾಯಿಂಗ್ ತಿದ್ದಿ ಕೊಡ್ಬೇಕಮ್ಮ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ಬೇರೆಯವರ್ನ ಕಳಿಸ್ತೀನಿ. ಆಮೇಲೆ ಆ ಕುರ್ಚಿ ಅವರ್ದೇ.”

ಆಗ್ತದೆ ಸಾರ್ ಅಂದು ಬಂದಿದ್ದಳು. ಆಗುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದರೆ ಅವಳ ಗೆರೆ ನಿಲ್ಲುವುದಿಲ್ಲ, ಮೌಸೇ ಬೇಕು. ಆಫೀಸಿನ ಮೌಸು ಇಷ್ಟಗಲದ್ದು, ವೈರಿನದ್ದು. ರೈಲಿನಲ್ಲಿ ಕೂತು ಎರಡು ಡ್ರಾಯಿಂಗ್ ಮುಗಿಸಬೇಕಿತ್ತು, ಒಂದೇ ಕೈಯಲ್ಲಿ ವೈರು ಸುತ್ತುವುದೋ ಕೆಲಸ ಮಾಡುವುದೋ? ಆನ್‌ಲೈನಿನಲ್ಲಿ ಹಾಕಿದರೆ ಬರಲು ಎರಡು ದಿನ. ರೈಲು ಮಾರನೆಯ ಬೆಳಿಗ್ಗೆ.

ಕೆಲಸಕ್ಕೆ ಹೊರಡುತ್ತಾ ಅವಳು ನನ್ನ ಕೈಗೆ ಹಣ ಕೊಟ್ಟಳು. “ಅವ್ವಾ, ನಂಗೆ ಬರೋದು ಸಂಜೆ ಆಗ್ತದೆ. ವೈರ್ ಇರ್ಬಾರ್ದು, ಚಿಕ್ಕದಿರ್ಬೇಕು, ಸದ್ದು ಮಾಡ್ಬಾರ್ದು. ನಿನ್ ಕೈ ನನ್ ಕೈ ಒಂದೇ ಅಳತೆ. ಹಿಡಿದು ನೋಡಿ ತಗೊಂಬಾ.”

ನನಗೆ ಗರ್ವ ಬಂತು, ಸುಳ್ಳು ಯಾಕೆ ಹೇಳಲಿ. ನಾನೂ ಇಪ್ಪತ್ತೆರಡು ವರ್ಷ ಪೀಣ್ಯದಲ್ಲೇ ಬಾಟಲಿ ಮುಚ್ಚಳದ ಅಂಚು ಕೆರೆದವಳು. ಅಚ್ಚಿನಿಂದ ಬಿದ್ದ ಮುಚ್ಚಳಕ್ಕೆ ಸುತ್ತ ಗರಿ, ಅಂದರೆ ಪ್ಲಾಸ್ಟಿಕ್ಕಿನ ತೆಳು ಎಳೆ, ಉಳಿದಿರುತ್ತದೆ. ಅದನ್ನು ಬ್ಲೇಡಿನಲ್ಲಿ ತೆಗೆದು, ಬೆರಳಾಡಿಸಿ ಪಾಸೋ ಫೇಲೋ ಹೇಳಬೇಕು. ಅಕ್ಷರವಾದರೆ ನಾನು ಕೂಡಿಸಿ ಕೂಡಿಸಿ ಓದಬೇಕು. ಪ್ಲಾಸ್ಟಿಕ್ಕಾದರೆ ಮುಟ್ಟಿದರೆ ಸಾಕು.

ಬ್ರಿಡ್ಜಿನ ಹತ್ತಿರದ ಕಂಪ್ಯೂಟರ್ ಸಾಮಾನಿನ ಅಂಗಡಿಯವನು ಆರೇಳು ಮೌಸ್ ತೆಗೆದು ಗಾಜಿನ ಮೇಲಿಟ್ಟ.

“ಯಾರ್ಗಜ್ಜಿ, ಮೊಮ್ಮಗುಂಗಾ? ಗೇಮ್ ಆಡಕ್ಕಾ?”

“ಮಗಳಿಗೆ ಕಣಯ್ಯಾ. ಆಟ ಆಡೋ ವಯಸ್ಸಲ್ಲ. ರೈಲಲ್ಲಿ ತೊಡೆ ಮೇಲಿಟ್ಕೊಂಡು ಕೆಲ್ಸ ಮಾಡ್ಬೇಕು.”

“ಹಂಗಾದ್ರೆ ಇದು ತಗೊಳ್ಳಿ, ಟ್ರಾವೆಲ್‌ಗೆ ಅಂತ್ಲೇ ಮಾಡಿರೋದು. ಚಪ್ಪಟೆ. ಬ್ಯಾಗಲ್ಲಿ ಇರೋದೇ ಗೊತ್ತಾಗಲ್ಲ.”

ಹಿಡಿದೆ. ಅಂಗೈ ತುಂಬಲಿಲ್ಲ. “ಇದೇನಯ್ಯಾ, ಸವೆದು ಉಳಿದ ಸೋಪಿನ ಚೂರು ಇದ್ದಂಗೈತೆ.”

“ಅಜ್ಜಿ, ನೀವು ಮೌಸ್ ತಗೋತಿದೀರೋ ಬದ್ನೇಕಾಯಿ ತಗೋತಿದೀರೋ?”

“ಬದ್ನೇಕಾಯಿ ಆದ್ರೆ ಕುಯ್ದಾಗ ಹುಳ ಕಾಣ್ತದೆ. ಇದ್ರಲ್ಲಿ ಕಾಣಲ್ವಲ್ಲ, ಅದಕ್ಕೇ ಹಿಸುಕ್ತಿದೀನಿ.”

ಒಂದು ಹಗುರವಿತ್ತು, ಅಂಚಿನಲ್ಲಿ ಗರಿ ಉಳಿದಿತ್ತು. ಫೇಲ್. ಒಂದು ಒತ್ತಿದರೆ ಟಕ್ ಅನ್ನುತ್ತಿತ್ತು. ಕೊನೆಗೆ ಒಂದು ಸಿಕ್ಕಿತು. ಬೆನ್ನು ಉಬ್ಬಿದ್ದು, ಪಕ್ಕದಲ್ಲಿ ಹೆಬ್ಬೆರಳಿಗೆ ಗುಳಿ. ಹೆಬ್ಬೆರಳು ತಾನೇ ಹೋಗಿ ಅಲ್ಲಿ ಕೂತಿತು. ಅವನು ಅದನ್ನು ತನ್ನ ಕಂಪ್ಯೂಟರಿಗೆ ಸೇರಿಸಿದ. ಕಂಪ್ಯೂಟರಿನ ಪರದೆಯ ಮೇಲೆ ಬಾಣದ ಗುರುತು ಕುಣಿಯಿತು. ಸೀರೆಯ ಮೇಲೆ ತೊಡೆಗೆ ಒತ್ತಿ ಓಡಿಸಿದೆ, ನೀರಿನ ಹಾಗೆ ಹೋಯಿತು. ಒಂದು ಚೂರೂ ಸದ್ದಿಲ್ಲ. ಪಾಸ್ ಮಾಡಿದೆ.

ಮನೆಗೆ ಬಂದು, ಅಂಗಡಿಯವನು ಮತ್ತೆ ಟೇಪು ಸುತ್ತಿ ಕೊಟ್ಟಿದ್ದ ಗಟ್ಟಿ ಕವರನ್ನು ಹಲ್ಲಿನಲ್ಲಿ ಹರಿದು, ಮೌಸನ್ನು ದೇವರ ಮುಂದಿಟ್ಟೆ.

ಸಂಜೆ ಮಗಳು ಬಂದು ಲ್ಯಾಪ್‌ಟಾಪ್ ತೆರೆದು ಎಡಗೈಯಲ್ಲಿ ಅದನ್ನು ಹಿಡಿದಳು. ಹೆಬ್ಬೆರಳು ಇರಬೇಕಾದ ಗುಳಿಗೆ ಕಿರುಬೆರಳು ಬಂತು. ಉಬ್ಬು ಅಂಗೈಯ ಆ ಕಡೆಗೆ ವಾಲಿತು. ಗೆರೆ ಎಳೆದಳು, ಸೊಟ್ಟ. ಮತ್ತೆ ಎಳೆದಳು. ಐದಾರು ಸಲ ಆದ ಮೇಲೆ ನನ್ನ ಕಡೆ ತಿರುಗಿದಳು.

“ಯಾವ ಕೈಯಲ್ಲಿ ಹಿಡಿದು ನೋಡ್ದೆ?”

ನಾನು ನನ್ನ ಬಲಗೈ ನೋಡಿಕೊಂಡೆ.

“ಪ್ಲಾಸ್ಟರ್ ಹಾಕ್ಕೊಂಡು ಮೂರು ವಾರದಿಂದ ನಿನ್ ಕಣ್ಮುಂದೆ ಓಡಾಡ್ತಿದೀನಿ ಅವ್ವಾ. ಎಡಗೈ ಅಂದ್ರೆ ನಿಂಗೆ ಯಾವತ್ತಾದ್ರೂ ಕೈ ಅನ್ಸಿದ್ಯಾ?”

ಹೊಸ ವಸ್ತುವನ್ನು ಎಡಗೈಯಲ್ಲಿ ಮುಟ್ಟಬಾರದು ಅಂತ ನನ್ನ ಕೈಗೆ ಯಾರೂ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ನಿಂತಷ್ಟು ಹೊತ್ತೂ ಎಡಗೈ ಸೆರಗಿನೊಳಗಿತ್ತು. ಇವಳು ಹುಟ್ಟಿದ್ದು ಎಡಚಿಯಾಗಿ. ನಾಲ್ಕು ವರ್ಷದವಳಿದ್ದಾಗ ಎಡಗೈಯಲ್ಲಿ ಮುದ್ದೆ ಮುರಿದರೆ ಸೌಟಿನಲ್ಲಿ ಬಾರಿಸುತ್ತಿದ್ದೆ. ಅದಕ್ಕೂ ಬಗ್ಗದಿದ್ದಾಗ ಹಳೇ ಸೀರೆಯ ಅಂಚು ಹರಿದು ಆ ಕೈಯನ್ನು ಸೊಂಟಕ್ಕೆ ಕಟ್ಟಿ ಊಟಕ್ಕೆ ಕೂರಿಸಿದೆ. ಒಂದು ವರ್ಷ ಹಿಡಿಯಿತು. ಬಲಗೈಯವಳಾದಳು. ಆಗ ನನಗೆ ತಪ್ಪು ಅನ್ನಿಸಿರಲಿಲ್ಲ. ಈ ಮೂರು ವಾರ ಅವಳು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುವಾಗಲೂ ನಾನು ಮುಖ ತಿರುಗಿಸಿ ಕೂರುತ್ತಿದ್ದೆ.

ಅವಳು ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು.

ಮೌಸ್ ಹಿಡಿದುಕೊಂಡು ಅಂಗಡಿಗೆ ಓಡಿದೆ. ಶಟರ್ ಎಳೆದಿತ್ತು. ಪಕ್ಕದ ಬೇಕರಿಯವನು, “ಯಾವ್ದೋ ಮದ್ವೆ ಅಂತ ಬೇಗ ಹೋದ್ರಜ್ಜಿ. ನಾಳೆ ಹತ್ತೂವರೆಗೆ ಬನ್ನಿ” ಅಂದ. ರೈಲು ಎಂಟಕ್ಕೆ. ರಸ್ತೆಯಲ್ಲಿ ಇನ್ನೆರಡು ಮೊಬೈಲ್ ಅಂಗಡಿ ತೆರೆದಿದ್ದವು. ಒಂದರಲ್ಲಿ ವೈರಿನದ್ದು, ಇನ್ನೊಂದರಲ್ಲಿ ಅದೂ ಇಲ್ಲ. ವಾಪಸ್ ಬಂದೆ. ಮಗಳು ಅದೇ ಮೌಸನ್ನು ತೊಡೆಯ ಮೇಲೆ ಉಜ್ಜುತ್ತಾ ಕೂತಳು. ಒಂದು ರಂಧ್ರ ಬರೆಯಲು ಎಷ್ಟೋ ಹೊತ್ತು ತೆಗೆದುಕೊಂಡಳು. “ಓನರ್‌ಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡ್ಲಾ?” ಅಂತ ಕೇಳಿದಳು. ಬೇಡ ಅಂದೆ.

ಮೊಸರಿಗೆ ಹೆಪ್ಪು ಕೇಳಲೂ ನಾನು ಒಬ್ಬರ ಬಾಗಿಲಿಗೆ ಹೋದವಳಲ್ಲ. ಮಾರನೆಯ ಬೆಳಿಗ್ಗೆ ಆರಕ್ಕೆ ಆ ಹೊಸ ಮೌಸ್ ಹಿಡಿದು ಮೆಟ್ಟಿಲು ಹತ್ತಿದೆ. ಮೊದಲ ಅಂತಸ್ತಿನವಳು ಹಲ್ಲುಜ್ಜುತ್ತಾ, ನಮ್ಮನೇಲಿ ಕಂಪ್ಯೂಟರೇ ಇಲ್ಲ ಅಂದಳು. ಎದುರು ಮನೆಯವರು ಬಾಗಿಲೇ ತೆಗೆಯಲಿಲ್ಲ. ಎರಡನೇ ಅಂತಸ್ತಿನಲ್ಲಿ ಒಬ್ಬನ ಹತ್ತಿರ ನನ್ನ ಕೈಲಿದ್ದಂಥದ್ದೇ ಗುಳಿಯದ್ದು ಇತ್ತು. ಮೂರನೆಯದರಲ್ಲಿ ದಾವಣಗೆರೆ ಕಡೆಯವರೊಬ್ಬರು, ಕಂಪ್ಯೂಟರ್ ಕಂಪನಿಗೆ ಹೋಗುವವರು. ಆಗಷ್ಟೇ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿದ್ದರು.

“ಏನ್ರೀ ಅಮ್ಮಾ, ಇಷ್ಟು ಬೇಗ?”

ಹೇಳಿದೆ. ಅವರು ಒಳಗೆ ಹೋಗಿ ವೈರಿಲ್ಲದ ಹಳೇ ಕಪ್ಪು ಮೌಸ್ ತಂದರು. “ಇದಕ್ಕೆ ಎಡ ಬಲ ಇಲ್ಲ ನೋಡ್ರಿ. ಆದ್ರೆ ಸದ್ದು ಮಾಡ್ತತಿ.”

“ಮಾಡ್ಲಿ.”

ಅವರ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಅದನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲೆ ಓಡಿಸಿದೆ. ಎರಡೂ ಪಕ್ಕ ಒಂದೇ ಸಮ. ಬೆರಳು ಒತ್ತಿದಲ್ಲಿ ಒತ್ತಿತು. ಅವರು ಬೇಡ ಬೇಡ ಅಂದರೂ ಹೊಸದನ್ನು ಹೊಸಿಲ ಮೇಲಿಟ್ಟು ಇಳಿದೆ. ಮಗಳು ಚೀಲ ಸಿದ್ಧ ಮಾಡಿ ನಿಂತಿದ್ದಳು. ಮೌಸನ್ನು ಅವಳ ಎಡಗೈಗೆ ಕೊಟ್ಟು, ಆಟೊ ಹುಡುಕಲು ರಸ್ತೆಗೆ ಹೋದೆ.