ಅರ್ಧ ಲೋಟದ ಅತ್ತೆ

ನಮ್ಮ ಸೋದರತ್ತೆ ಹಿಡಿದ ಲೋಟದಲ್ಲಿ ನೀರು ನಿಶ್ಚಲವಾಗಿ ನಿಂತದ್ದನ್ನು ನಾನು ಕಂಡಿಲ್ಲ. ಸಣ್ಣ ಗಾಳಿಗೆ ಕೆರೆಯ ನೀರು ಅಲುಗುವ ಹಾಗೆ ಅಂಚಿನಿಂದ ಅಂಚಿಗೆ ಅದು ಅಲುಗುತ್ತಲೇ ಇರುತ್ತಿತ್ತು. ವರ್ಷಗಟ್ಟಲೆ ನುಂಗಿದ ಮಾತ್ರೆಗಳಿಂದ ಅವಳ ಬೆರಳುಗಳಿಗೆ ಬಂದ ನಡುಕ ಅದು. ಕಾಫಿ ಕೊಡಲು ಹೋದರೆ, "ಅರ್ಧ ಲೋಟ ಕೊಡಮ್ಮಿ, ತುಂಬ್ಸುದ್ರೆ ನೆಲಾನೂ ಕುಡೀತದೆ" ಅನ್ನುತ್ತಿದ್ದಳು. ಕುಡಿದಾದ ಮೇಲೆ ಇನ್ನರ್ಧಕ್ಕೆ ಲೋಟ ಚಾಚುತ್ತಿದ್ದಳು. ಕಾಫಿಯ ವಿಷಯದಲ್ಲಿ ಮಾತ್ರ ಅವಳಿಗೆ ಮೋಸ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ.

ಅವಳು ಅಪ್ಪನ ಅಕ್ಕ. ಮಾಕವಳ್ಳಿ ಕಡೆಗೆ ಮದುವೆಯಾಗಿ ಹೋಗಿದ್ದವಳಿಗೆ, ಯಾರಿಗೂ ಕೇಳದ ಮಾತುಗಳು ಕೇಳಿಸಲು ಶುರುವಾದವು. ಗಂಡನ ಮನೆಯವರು ತಂದು ಬಿಟ್ಟುಹೋದರು. ಅಂದಿನಿಂದ ಪಾಂಡವಪುರದ ಹತ್ತಿರ ನಾಲೆ ಬದಿಯ ನಮ್ಮ ಮನೆಯೇ ಅವಳ ಮನೆ. ಅಪ್ಪ ಮೊದಲು ತಾಯತ, ಮಂತ್ರವಾದಿ ಎಂದು ಊರೂರು ಸುತ್ತಿದ. ಆಮೇಲೆ ಯಾರೋ ಪುಣ್ಯಾತ್ಮರು ಹೇಳಿ, ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಾತ್ರೆ ಹಿಡಿಯಿತು. ಮಾತುಗಳು ಪೂರ್ತಿ ನಿಲ್ಲಲಿಲ್ಲ, ದೂರವಾದವು ಅಷ್ಟೆ.

ಆ ಮಾತುಗಳಿಗೆ ಅವಳು ನೆಂಟರು ಎಂದು ಹೆಸರಿಟ್ಟಿದ್ದಳು. ಕೆಲವು ದಿನ ಬೆಳಿಗ್ಗೆ ಎದ್ದವಳೇ, "ಇವತ್ತು ನೆಂಟ್ರು ಬಂದವ್ರೆ, ನನ್ನ ಮಾತಾಡುಸ್ಬ್ಯಾಡಿ" ಎಂದು ಹೇಳಿ, ಜಗಲಿಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂರುತ್ತಿದ್ದಳು. ನಡುಗುವ ಬೆರಳಿನಿಂದ ಒಂದೆರಡು ಕಾಳು ಹಾರಿ ಕೋಳಿಗಳ ಪಾಲಾಗುತ್ತಿದ್ದವು. ಆಲೆಮನೆಯಲ್ಲಿ ಬೆಲ್ಲ ಕಾಯುವ ವಾಸನೆ ಮಧ್ಯಾಹ್ನದ ಬಿಸಿಲಿಗೆ ಸೇರಿಕೊಂಡು ತೇಲಿ ಬರುತ್ತಿತ್ತು. ನೆಂಟರು ಬಂದರೆ ಏನು ಮಾಡ್ತೀಯ ಅಂತ ಚಿಕ್ಕವಳಿದ್ದಾಗ ನಾನೊಮ್ಮೆ ಕೇಳಿದ್ದೆ.

"ಬಂದೋರ್ನ ಕೂರ್ಸ್ಬೇಕು ಕಣಮ್ಮಿ. ಉಣ್ಣಕ್ಕೆ ಮಾತ್ರ ಇಕ್ಬಾರ್ದು. ಇಕ್ಕುದ್ರೆ ಓಗಾಕಿಲ್ಲ" ಎಂದಿದ್ದಳು.

ನಾಗಮಂಗಲ ಕಡೆಗೆ ಮದುವೆಯಾಗಿದ್ದ ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಹೆಣ್ಣು ಮಗು. ಅವ್ವ ಪದ್ಧತಿಯಂತೆ ಎಲ್ಲವನ್ನೂ ಮಾಡಿದಳು. ನಡುಮನೆ ಪಕ್ಕದ ಕೋಣೆ, ಮುಚ್ಚಿದ ಕಿಟಕಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಎರಡು ಹೊತ್ತೂ ಸಾಂಬ್ರಾಣಿ ಹೊಗೆ. ಆ ಹೊಗೆಯಲ್ಲಿ ದಿನಗಳು ಒಂದರೊಳಗೊಂದು ಕರಗಿದವು. ಮಗು ನನ್ನ ಪಕ್ಕದಲ್ಲೇ ಅತ್ತರೂ ಆ ಅಳು ನಾಲೆಯ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು. ಕಣ್ಣು ಮುಚ್ಚಿದರೆ ನಿದ್ದೆಯಲ್ಲ, ತೆರೆದರೆ ಎಚ್ಚರವಲ್ಲ. ಈ ಮಗು ಯಾರದೋ, ಇದನ್ನು ನನ್ನ ಹತ್ತಿರ ಯಾಕೆ ಬಿಟ್ಟಿದ್ದಾರೆ ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ನೋಡಲು ಬಂದವರೆಲ್ಲ ಮಗುವನ್ನೇ ಕೇಳುತ್ತಿದ್ದರು. ಹಾಲು ಕುಡೀತದಾ, ತೂಕ ಬಂದದಾ, ಮೂಗು ಯಾರದು. ಒಂದು ಮೂಗಿನ ಮೇಲೆ ಎರಡು ಮನೆಯವರು ಎಷ್ಟು ಹೊತ್ತು ವಾದ ಮಾಡಬಹುದು ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಅತ್ತೆಗೆ ಮಾತ್ರ ಕೋಣೆಯೊಳಗೆ ಪ್ರವೇಶವಿರಲಿಲ್ಲ. ಅವಳ ಕೈ ನಡುಗುತ್ತದೆ, ಮಗು ಬಿದ್ದೀತು ಎಂದು ಅವ್ವ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ಅತ್ತೆ ಹೊಸ್ತಿಲಾಚೆ ಕೂತು ಮಗುವನ್ನಲ್ಲ, ನನ್ನನ್ನು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅವ್ವ ಹಸುವಿಗೆ ನೀರು ಕುಡಿಸಲು ಹೋಗಿದ್ದಾಗ ಅತ್ತೆ ಅಲ್ಲಿಂದಲೇ ಮೆಲ್ಲಗೆ ಕೇಳಿದಳು.

"ನಿದ್ದೆ ಬತ್ತದಾ ಮಗ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ನಿಂಗೂ ನೆಂಟ್ರು ಬತ್ತಾವ್ರಾ?"

ಅವಳಿಗೆ ಕೇಳಿಸುವಂಥ ದನಿಗಳು ನನಗೆ ಕೇಳುತ್ತಿರಲಿಲ್ಲ. ನನಗೆ ಬರುತ್ತಿದ್ದುದು ಒಂದೇ ಒಂದು ಯೋಚನೆ. ಅದನ್ನು ಗಂಡನಿಗಾಗಲಿ ಅವ್ವನಿಗಾಗಲಿ ಹೇಳುವ ಧೈರ್ಯ ನನಗಿರಲಿಲ್ಲ. ಅವಳಿಗೆ ಹೇಳಿದೆ. ಮಲಗಿಬಿಡು, ಮತ್ತೆ ಏಳಬೇಡ ಅನ್ನುತ್ತದೆ ಅತ್ತೆ, ಅಂದೆ. ಅವಳು ಬೆಚ್ಚಲಿಲ್ಲ, ಅಯ್ಯೋ ಅನ್ನಲಿಲ್ಲ. "ಅದ್ಕೆ ಉಣ್ಣಕ್ಕಿಕ್ಬ್ಯಾಡ" ಎಂದು ಎದ್ದು ಹೋದಳು.

ಅವತ್ತು ಸಂಜೆ ಅಪ್ಪ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದಾಗ ಅವಳು ಹೇಳಿದ್ದು ನನಗೆ ಕೋಣೆಯೊಳಗೆ ಕೇಳಿಸಿತು. "ನಾಳೆ ಮಂಗ್ಳಾರ. ನನ್ ಜೊತೆ ಇವ್ಳನ್ನೂ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು ಕಣಪ್ಪ." ಈಚಿನ ವರ್ಷಗಳಲ್ಲಿ ಮಾತ್ರೆಗೆ ಮೈಸೂರಿನವರೆಗೆ ಹೋಗುವ ಕಷ್ಟ ತಪ್ಪಿತ್ತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನಸ್ಸಿನ ಡಾಕ್ಟರು ಬರುತ್ತಿದ್ದರು.

ಅವ್ವ ಸಿಡಿದಳು. "ಬಾಣಂತೀನ ಆ ಸಾಲ್ನಲ್ಲಿ ಕೂರ್ಸಕ್ಕಾ ಅತ್ತಿಗೆ? ಕಂಡೋರು ಏನಂದಾರು? ನಿಮ್ ಗಾಳಿನೇ ನನ್ ಮಗ್ಳಿಗೆ ತಗುಲಿರಾದು."

ಆ ಮನೆಯಲ್ಲಿ ಅನ್ನಕ್ಕೂ ನೆರಳಿಗೂ ತಮ್ಮನ ಹೆಂಡತಿಯನ್ನೇ ನಂಬಿದ್ದವಳು ಅತ್ತೆ. ಎಂದೂ ಎದುರು ಮಾತಾಡಿದವಳಲ್ಲ. ಅವತ್ತು ಆಡಿದಳು.

"ತಗುಲಿರ್ಲಿ. ಗಾಳಿ ನಂದಾದ್ರೆ ಮಾತ್ರೆ ಎಲ್ಲಿ ಸಿಕ್ತದೆ ಅನ್ನಾದೂ ನಂಗೇ ಗೊತ್ತು. ಮಗ್ಳುನ್ನ ಉಳುಸ್ಕೊಂಡು ಆಮ್ಯಾಕೆ ನನ್ನ ಬೈಯಿ."

ಅಪ್ಪ ಉಳಿದ ನೀರನ್ನು ಕಾಲಿಗೆ ಸುರಿದುಕೊಂಡು ಆಟೋದವನಿಗೆ ಹೇಳಲು ಹೊರಟ. ಬೆಳಿಗ್ಗೆ ಆಟೋ ಬಂತು.

ಎಷ್ಟೋ ದಿನದ ಮೇಲೆ ಬೆಳಕಿಗೆ ಬಂದ ನನ್ನ ಕಣ್ಣಿಗೆ ಕಬ್ಬಿನ ಗದ್ದೆಗಳು ನೀರಿನೊಳಗಿಂದ ನೋಡಿದ ಹಾಗೆ ಕಂಡವು. ಆಸ್ಪತ್ರೆಯಲ್ಲಿ ಅಪ್ಪ ಚೀಟಿ ಮಾಡಿಸಲು ಸಾಲಿಗೆ ಹೋದ. ಅಷ್ಟರಲ್ಲಿ ಬಾಣಂತಿಯನ್ನು ಕಾಯಿಸಬೇಡಿ ಎಂದು ನರ್ಸು ನನ್ನನ್ನು ಒಳಗೆ ಕರೆದರು. ಮಗುವನ್ನು ಯಾರಿಗೆ ಕೊಡುವುದು? ಬೆಂಚಿನ ಮೇಲೆ ಅತ್ತೆಯೊಬ್ಬಳೇ ಇದ್ದಳು. ಕೈಗಳನ್ನು ಸೆರಗಿನಡಿ ಬಚ್ಚಿಟ್ಟುಕೊಂಡು, "ಬ್ಯಾಡ ಕಣಮ್ಮಿ, ನಿಮ್ಮವ್ವ ಬೈತಾಳೆ" ಎಂದಳು. ನಾನು ಮಗುವನ್ನು ಅವಳ ಮಡಿಲಲ್ಲಿ ಇಟ್ಟೇಬಿಟ್ಟೆ.

ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ಎಲ್ಲವನ್ನೂ ಸಮಾಧಾನವಾಗಿ ಕೇಳಿ, "ಹೆರಿಗೆಯಾದ ಎಷ್ಟೋ ತಾಯಂದಿರಿಗೆ ಈ ಕಾಯಿಲೆ ಬರತ್ತೆ. ನಿಮ್ಮ ತಪ್ಪಲ್ಲ, ವಾಸಿಯಾಗತ್ತೆ. ಹಾಲು ಕುಡಿಸುವವರಿಗೂ ಆಗುವ ಮಾತ್ರೆ ಕೊಡ್ತೀನಿ" ಎಂದರು. ತಪ್ಪಲ್ಲ ಅನ್ನುವ ಮಾತಿಗೆ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಹೊರಗೆ ಬಂದರೆ ಮಗು ಗಾಢ ನಿದ್ದೆಯಲ್ಲಿತ್ತು. ಮನೆಯಲ್ಲಿ ಯಾರು ತೂಗಿದರೂ ಮಲಗದ ಮಗು ಅದು. ಅತ್ತೆ ತೂಗುತ್ತಲೇ ಇರಲಿಲ್ಲ, ಬಿಗಿಯಾಗಿ ಅಪ್ಪಿ ಕೂತಿದ್ದಳು. ಆ ಸಣ್ಣ ನಡುಕ ತಾನಾಗಿ ಅವಳ ಕೈಯಿಂದ ಮಗುವಿನ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಹೋಗುತ್ತಿತ್ತು. ಚೀಟಿ ಹಿಡಿದು ಬಂದ ಅಪ್ಪ ಅಕ್ಕನ ಪಕ್ಕ ಕೂತ.

ಗುಣವಾಗಲು ತಿಂಗಳುಗಳೇ ಹಿಡಿದವು. ಆಚೆ ದಡದ ಅಳು ನಿಧಾನವಾಗಿ ಈಚೆ ದಡಕ್ಕೆ, ಆಮೇಲೆ ನನ್ನ ಎದೆಗೆ ಬಂತು. ಅವ್ವ ಅತ್ತೆಯ ಕ್ಷಮೆ ಗಿಮೆ ಕೇಳಲಿಲ್ಲ, ಅದು ಅವಳ ಜಾಯಮಾನವಲ್ಲ. ಮಗು ಅತ್ತಾಗ, "ಅತ್ತಿಗೆ, ಬನ್ನಿ ಇಲ್ಲಿ" ಎಂದು ತಾನೇ ಎತ್ತಿ ಅವಳ ಮಡಿಲಿಗೆ ಹಾಕತೊಡಗಿದಳು. ಈಗ ನಮ್ಮೂರಿನ ಆಶಾ ಕಾರ್ಯಕರ್ತೆ ಬಾಣಂತಿಯರ ಮನೆಗೆ ಹೋದರೆ ಮಗುವಿನ ತೂಕದ ಜೊತೆಗೆ ತಾಯಿಯ ನಿದ್ದೆಯನ್ನೂ ಮನಸ್ಸನ್ನೂ ಕೇಳುತ್ತಾಳೆ. ಹಾಗೆ ಕೇಳಬೇಕೆಂದು ತರಬೇತಿ ಕೊಟ್ಟಿದ್ದಾರಂತೆ. ನಮ್ಮ ಮನೆಯಲ್ಲಿ ಆ ಪ್ರಶ್ನೆ ಹಳೆಯದು.

ಹೋದ ಮಾಘದಲ್ಲಿ ಒಂದು ದಿನ ಊಟ ಮಾಡಿ, ಎರಡು ಸಲ ಅರ್ಧರ್ಧ ಲೋಟ ಕಾಫಿ ಕುಡಿದು ಜಗಲಿಯಲ್ಲಿ ಒರಗಿದ ಅತ್ತೆ ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾನು ನಾಗಮಂಗಲದಿಂದ ಬರುವ ಹೊತ್ತಿಗೆ ಅಪ್ಪ ಅವಳ ಪಕ್ಕ ಕೂತಿದ್ದ. "ಅಕ್ಕನ ಕೈ ನೋಡವ್ವ" ಎಂದ. "ನಿಂತೋಗ್ಬುಟ್ಟದೆ."

ನನ್ನ ಮಗಳಿಗೆ ಈಗ ಶಾಲೆಗೆ ಹೋಗುವ ವಯಸ್ಸು. ರಜೆಯ ಮಧ್ಯಾಹ್ನಗಳಲ್ಲಿ ಮಲಗಿಸಲು ಹೋದರೆ, ಅಜ್ಜಿ ಥರ ಮಾಡು ಅನ್ನುತ್ತಾಳೆ. ಅವಳ ಬೆನ್ನಿನ ಮೇಲೆ ಕೈಯಿಟ್ಟು ಬೇಕೆಂದೇ ನಡುಗಿಸುತ್ತೇನೆ. ಅದು ಸುಲಭವಲ್ಲ, ಗಟ್ಟಿ ಕೈಗೆ ಆ ಹದ ಬರುವುದಿಲ್ಲ. "ಅಂಗಲ್ಲ ಕಣವ್ವ, ಇನ್ನೂ ಮೆತ್ಗೆ" ಎಂದು ಕಣ್ಣು ಮುಚ್ಚಿಕೊಂಡೇ ತಿದ್ದುತ್ತಾಳೆ. ನಾನು ಇನ್ನೂ ಮೆತ್ತಗೆ ಮಾಡುತ್ತೇನೆ. ಸ್ವಲ್ಪ ಹೊತ್ತಿಗೆ ಅವಳು ಮಲಗುತ್ತಾಳೆ, ನಾನೂ ಮಲಗುತ್ತೇನೆ. ಮತ್ತೆ ಏಳುತ್ತೇನೆ.