ಉಡುವ ಸೀರೆ, ಕೊಡುವ ಸೀರೆ

ನಮ್ಮ ಕಲಬುರಗಿಯಲ್ಲಿ ಸೀರೆ ಅಂಗಡಿಗೆ ಹೋದರೆ ಗಾದಿಯ ಮೇಲೆ ಕೂತವನು ಮೊದಲು ಕೇಳುವುದು ಒಂದೇ ಮಾತು. "ಉಡಾಕೇನ್ರಿ, ಕೊಡಾಕೇನ್ರಿ?" ಉಡುವುದಕ್ಕೆ ಎಂದರೆ ಒಳಗಿನ ಕಪಾಟಿನಿಂದ ಒಂದೊಂದೇ ತೆಗೆದು, ಬಿಚ್ಚಿ, ಸೆರಗು ಹರವಿ ತೋರಿಸುತ್ತಾನೆ. ಕೊಡುವುದಕ್ಕೆ ಎಂದರೆ ಬಾಗಿಲ ಬಳಿ ಪೇರಿಸಿಟ್ಟ ಗಂಟಿನ ಕಡೆ ಕೈ ಮಾಡುತ್ತಾನೆ. ಅವು ಬಿಚ್ಚಿ ನೋಡುವ ಸೀರೆಗಳಲ್ಲ. ಕವರಿನ ಮೇಲಿಂದಲೇ ಬಣ್ಣ ನೋಡಿ ಹತ್ತೋ ಹನ್ನೆರಡೋ ತೆಗೆದುಕೊಂಡು ಬಂದರಾಯಿತು.

ಆ ಗಂಟಿನ ಸೀರೆಗಳೆಲ್ಲ ಆಯೇರಿಗೆ. ಮದುವೆ, ವಾಸ್ತುಶಾಂತಿ, ತೊಟ್ಟಿಲ ಕಾರ್ಯ, ಯಾವುದೇ ಇರಲಿ, ಬಂದವರು ಮನೆಯವರಿಗೆ ಬಟ್ಟೆ ಕೊಡಬೇಕು, ಮನೆಯವರು ಬಂದವರಿಗೆ ಕೊಡಬೇಕು. ಹೆಂಗಸರಿಗೆ ಸೀರೆ, ಗಂಡಸರಿಗೆ ಟಾವೆಲು ಟೋಪಿ. ಯಾರು ಏನು ಕೊಟ್ಟರೆಂದು ಒಬ್ಬ ಹಿರಿಯರು ಕೂಗಿ ಹೇಳುತ್ತಾರೆ. ಆಮೇಲೆ ಆ ಸೀರೆಯನ್ನು ಯಾರೂ ಉಡುವುದಿಲ್ಲ. ಅದು ಅಲಮಾರಿಯಲ್ಲಿ ಕೂತು ಮುಂದಿನ ಮದುವೆಗೆ ಕಾಯುತ್ತದೆ. ಒಮ್ಮೆ ಶರಣಸಿರಸಗಿಯ ಒಂದು ವಾಸ್ತುಶಾಂತಿಯಲ್ಲಿ ನಾನೇ ಕೊಟ್ಟ ನವಿಲು ಅಂಚಿನ ಸೀರೆ ಮೂರು ವರ್ಷ ಎಲ್ಲೆಲ್ಲೋ ತಿರುಗಿ, ನನ್ನದೇ ಅರಿಶಿನ ಬೆರಳಿನ ಗುರುತಿನೊಂದಿಗೆ, ಬೇರೊಬ್ಬರ ಕೈಯಿಂದ ನನ್ನ ಮಡಿಲಿಗೇ ಬಂದು ಬಿತ್ತು. ಕೊಟ್ಟಾಕೆ "ನಿಮಗಂತs ಆರಿಸಿ ತಂದೀನ್ರಿ" ಎಂದಳು. ನಾನೂ "ಭಾಳ ಚಂದದ ರೀ" ಎಂದೆ. ಇಬ್ಬರೂ ಸುಳ್ಳು ಹೇಳುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು.

ನನ್ನ ಸ್ವಭಾವಕ್ಕೆ ಇಂಥವು ಮೊದಲಿನಿಂದಲೂ ಒಗ್ಗಿಲ್ಲ. ಹೊಳೆಯುವ ಬಟ್ಟೆ ನನಗೆ ಸೇರುವುದಿಲ್ಲ, ಎಲ್ಲರೂ ಮಾಡುತ್ತಾರೆಂದು ಮಾಡುವುದು ಅದಕ್ಕಿಂತ ಸೇರುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಕೊನೆಯ ಕೆಲವು ವರ್ಷಗಳಲ್ಲಿ ನವರಾತ್ರಿಗೆ ಬಣ್ಣದ ಪಟ್ಟಿ ಬರತೊಡಗಿತು. ಇಂಥ ದಿನ ಹಳದಿ, ಇಂಥ ದಿನ ಹಸಿರು ಎಂದು ವಾಟ್ಸಾಪಿನಲ್ಲಿ ಹಿಂದಿನ ದಿನವೇ ಹುಕುಂ. ನಾನು ನನ್ನ ಇಸ್ತ್ರಿಯಾದ ಸೀರೆ ಯಾವುದಿದೆಯೋ ಅದನ್ನು ಉಟ್ಟು ಹೋಗುತ್ತಿದ್ದೆ. ಹಸಿರು ಸಾಲಿನ ನಡುವೆ ಕಂದು ಬಣ್ಣದ ನಾನು ನಿಂತರೆ ಫೋಟೊ ಕೆಡುತ್ತದಲ್ಲ, ಅದಕ್ಕೆ ಮೊಬೈಲು ನನ್ನ ಕೈಗೆ ಕೊಡುತ್ತಿದ್ದರು. "ಟೀಚರ್, ನೀವs ತೆಗೀರಿ, ನಿಮ್ಮ ಕೈ ಅಳ್ಳಾಡಂಗಿಲ್ಲ." ಹೀಗಾಗಿ ಒಂಬತ್ತು ದಿನದ ಒಂದು ಫೋಟೊದಲ್ಲೂ ನಾನಿಲ್ಲ. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಮಗಳ ಮದುವೆ ಗೊತ್ತಾದಾಗ, ಪತ್ರಿಕೆಯ ಕೆಳಗೆ "ಆಯೇರಿ ಸ್ವೀಕರಿಸುವುದಿಲ್ಲ" ಎಂದು ಅಚ್ಚು ಹಾಕಿಸಿದೆ. ಈಗ ಬಹಳ ಜನ ಹಾಗೆ ಹಾಕಿಸುತ್ತಾರೆ. ಹಾಕಿಸಿದವರೂ ನಂಬುವುದಿಲ್ಲ, ಓದಿದವರೂ ನಂಬುವುದಿಲ್ಲ. ಅದು ಮರ್ಯಾದೆಯ ಮಾತು, ಪತ್ರಿಕೆಯ ತುದಿಗೆ ಇರಬೇಕಾದ ಅಲಂಕಾರ. ನಾನು ಮಾತ್ರ ಅದನ್ನು ಗಣಿತದ ಟೀಚರಂತೆ ಬರೆದಿದ್ದೆ, ಬರೆದದ್ದೇ ಅರ್ಥ. ನನ್ನ ಗಂಡನಿಗೆ ಭಯವಿತ್ತು. "ನೋಡು ಮತ್ತ, ನಿಭಾಯಿಸಾಕ ಆಗ್ತದೇನು?" ಎಂದರು. ಆಗುತ್ತದೆ ಎಂದೆ.

ಮದುವೆಯ ದಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ನಾನೇ ನಿಂತೆ. ಬಂದವರೆಲ್ಲರ ಕಂಕುಳಲ್ಲಿ ಒಂದೊಂದು ಕವರು. ಕೈ ಮುಗಿದು, ನಗುತ್ತ, ಒಬ್ಬೊಬ್ಬರಿಗೂ ತಿರುಗಿಸಿ ಕೊಟ್ಟೆ. ಕೆಲವರು ತಮಾಷೆ ಎಂದುಕೊಂಡರು, ಕೆಲವರು ಮುಖ ಬಿಗಿದುಕೊಂಡರು. ನನ್ನ ನಾದಿನಿ "ವೈನಿ, ಭಾಳ ಶ್ಯಾಣ್ಯಾರಾಗೀರಿ ಬಿಡ್ರಿ" ಎಂದು ಒಳಗೆ ಹೋದಳು. ನಾನು ಸೋಲಲಿಲ್ಲ.

ಅಷ್ಟರಲ್ಲಿ ಕಮಲಾಪುರದಿಂದ ಅಕ್ಕ ಬಂದಳು. ನನಗಿರುವುದು ಒಬ್ಬಳೇ ಅಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ. ತಿಂಗಳಿಗೊಮ್ಮೆ ದಾರ, ಅಸ್ತರು ಕೊಳ್ಳಲು ಕಲಬುರಗಿಗೆ ಬಂದರೆ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಉಂಡು, ನನ್ನ ಜೊತೆ ಒಂದಿಷ್ಟು ಜಗಳಾಡಿ, ಸಂಜೆಯ ಬಸ್ಸು ಹಿಡಿಯುತ್ತಿದ್ದಳು. ಅವಳು ಬಟ್ಟೆಯ ಚೀಲದಿಂದ ಕವರು ತೆಗೆದಳು. ಹಿಂದೆ ನಾಲ್ಕೈದು ಜನ ಬಂಧುಗಳು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ಅಕ್ಕಾ, ನಿಂದೂ ಬ್ಯಾಡ," ಎಂದೆ.

"ನಾ ಬ್ಯಾರೆಯಾಕಿ ಏನs? ಒಮ್ಮೆ ಬಿಚ್ಚಿರ ನೋಡು."

"ನಿನಗೊಂದು ಕಾನೂನು, ಅವರಿಗೊಂದು ಕಾನೂನು ಮಾಡಿದ್ರ ನನ್ನ ಮಾತಿಗಿ ಏನ್ ಕಿಮ್ಮತ್ತು ಉಳೀತದ? ಎಲ್ಲಾರಿಗೂ ಒಂದೇ."

ಅಕ್ಕ ನನ್ನ ಮುಖ ನೋಡಿದಳು. ಕವರನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ ಪಂಕ್ತಿಯಲ್ಲಿ ಹೋಳಿಗೆ ಬಡಿಸಿದಳು, ಮಗಳ ತಲೆ ಸವರಿದಳು, ಹೋಗುವಾಗ ಅತ್ತಳು. ಕೋಪ ಮಾಡಿಕೊಂಡಂತೆ ನನಗೆ ಕಾಣಲಿಲ್ಲ. ಗೆದ್ದೆ ಎಂದುಕೊಂಡೆ. ಆ ದಿನ ಬಾಗಿಲಲ್ಲಿ ಒಂದು ಕವರನ್ನೂ ನಾನು ಬಿಚ್ಚಿ ನೋಡಲಿಲ್ಲ. ನೋಡುವುದೇನಿದೆ, ಎಲ್ಲವೂ ಅದೇ ಗಂಟಿನವು.

ಆಮೇಲಿನ ಎರಡು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ, ಅದೇ ಬೇಸರ. ಯಾರೂ ನಮಗೆ ಬಹಿಷ್ಕಾರ ಹಾಕಲಿಲ್ಲ. ಆಮಂತ್ರಣಗಳು ನನ್ನ ಬದಲು ಗಂಡನ ಫೋನಿಗೆ ಹೋಗತೊಡಗಿದವು. "ಟೀಚರಿಗಿ ಇವೆಲ್ಲ ಸೇರಂಗಿಲ್ಲ, ನೀವಾದ್ರೂ ಬರ್ರಿ" ಎನ್ನುತ್ತಿದ್ದರಂತೆ. ನಾನು ಹೋದ ಕಡೆಯೂ ನಾನು ಬಂದೊಡನೆ ಹೆಂಗಸರು ಸೀರೆಯ ಕವರುಗಳನ್ನು ಸೆರಗಿನ ಕೆಳಗೆ ಸರಿಸುತ್ತಿದ್ದರು, ಎಲೆ ಅಡಿಕೆ ಹಾಕಿಕೊಂಡ ಹುಡುಗಿಯರು ಹೆಡ್‌ಮಾಸ್ತರನ್ನು ಕಂಡಂತೆ. ಅಕ್ಕನೂ ಬರುವುದು ಕಡಿಮೆಯಾಯಿತು. ದಾರ ಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು. ಫೋನು ಮಾಡಿದರೆ "ಕೆಲಸ ಭಾಳ ಅವ ಯವ್ವಾ" ಎನ್ನುತ್ತಿದ್ದಳು. ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿತು. ಕೇಳಿದರೆ ನಾನು ತಪ್ಪು ಮಾಡಿದೆನೆಂದು ಒಪ್ಪಿಕೊಂಡಂತೆ ಆಗುತ್ತದೆಂದು ಸುಮ್ಮನಿದ್ದೆ. ಆ ಸುಮ್ಮನಿರುವುದಕ್ಕೇ ನನಗೆ ಬಹಳ ಶಕ್ತಿ ಬೇಕಾಯಿತು. ವಯಸ್ಸಾಗುತ್ತ ಹಟ ಭಾರವಾಗುತ್ತದೆ, ಇಳಿಸಲು ಜಾಗ ಸಿಗುವುದಿಲ್ಲ.

ಈ ವರ್ಷ ಅಕ್ಕ ಕಮಲಾಪುರದಲ್ಲಿ ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಳು. ನಾನು ಸಾಕೆಂದುಕೊಂಡೆ. ಎಲ್ಲರಂತೆ ಒಂದು ಸೀರೆ ಕೊಟ್ಟು, ಒಂದು ಸೀರೆ ಇಸಿದುಕೊಂಡು, ಅಕ್ಕನ ಜೊತೆ ಮೊದಲಿನಂತೆ ಇದ್ದುಬಿಡೋಣ ಎಂದು ಸೂಪರ್ ಮಾರ್ಕೆಟ್ಟಿನ ಅಂಗಡಿಗೆ ಹೋದೆ. ಅಂಗಡಿಯವನು ಹಳೆಯ ಪರಿಚಯದವನು. "ಬರ್ರಿ ಟೀಚರ್, ಉಡಾಕ ಅಲ್ಲೇನ್ರಿ?" ಎಂದು ಒಳಗಿನ ಕಪಾಟಿಗೆ ಕೈ ಹಾಕಿದ. "ಇಲ್ರಿ, ಕೊಡಾಕ," ಎಂದೆ. ಅವನು ಒಂದು ಕ್ಷಣ ನೋಡಿ ಬಾಗಿಲ ಬಳಿಯ ಗಂಟು ತೋರಿಸಿದ. ಮೇಲಿನದೇ ಒಂದನ್ನು ತೆಗೆದುಕೊಂಡೆ. ಗುಲಾಬಿ ಬಣ್ಣ, ಅಂಚಿನ ತುಂಬ ಹೊಳೆಯುವ ಹೂ. ಅಕ್ಕನಿಗೆ ಯಾವ ಬಣ್ಣ ಹಿಡಿಸುತ್ತದೆ ಎಂದು ಯೋಚಿಸುವಷ್ಟು ಉಮೇದು ಇರಲಿಲ್ಲ.

ಗಂಡನಿಗೆ ಮೊಣಕಾಲು ನೋವು, ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಹೊಸ ಮನೆ ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ, ಕೆಂಪು ಬಾಳೆಯ ತೋಟ ದಾಟಿದರೆ ಸಿಗುತ್ತದೆ. ಬಾಗಿಲಲ್ಲಿ ನಿಂತ ಅಕ್ಕನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಜೀವಮಾನವೆಲ್ಲ ಗಿಳಿಹಸಿರು, ಅಚ್ಚ ಕೆಂಪು ಉಟ್ಟವಳು ಅಂದು ಬೂದಿ ಬಣ್ಣದ ಸೀರೆ ಉಟ್ಟಿದ್ದಳು. ಹತ್ತಿಯ ನೂಲು, ಬೆರಳಗಲದ ಕಂದು ಅಂಚು, ಎಲ್ಲೂ ಹೊಳಪಿಲ್ಲ. ಅಕ್ಕನಿಗೂ ಕೊನೆಗೆ ರುಚಿ ಬಂತಲ್ಲ ಎಂದು ಒಳಗೊಳಗೇ ನಕ್ಕೆ.

ಪೂಜೆ ಮುಗಿದ ಮೇಲೆ ಆಯೇರಿ ಶುರುವಾಯಿತು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಹೆಂಗಸರನ್ನು ಸಾಲಾಗಿ ಕೂಡಿಸಿದರು. ನಾನೂ ಕೂತೆ. ಅಕ್ಕನ ಸೊಸೆ ತಟ್ಟೆ ಹಿಡಿದು ಒಬ್ಬೊಬ್ಬರ ಹಣೆಗೆ ಕುಂಕುಮ ಹಚ್ಚಿ ಮಡಿಲಿಗೆ ಸೀರೆ ಇಡುತ್ತ ಬಂದಳು. ನನ್ನ ಹತ್ತಿರ ಬಂದು, ಕುಂಕುಮ ಹಚ್ಚಿ, ಮಡಿಲಿಗೆ ಸೀರೆ ಇಡದೆ ಮುಂದಿನವಳ ಕಡೆ ಸರಿದಳು. ಪಕ್ಕದ ಮುದುಕಿ "ಈಕಿಗಿ ಯಾಕ ಬಿಟ್ಟಿ?" ಎಂದಳು. ಬಾಗಿಲಲ್ಲಿದ್ದ ಅಕ್ಕ ಅಲ್ಲಿಂದಲೇ ಹೇಳಿದಳು: "ನಮ್ಮ ತಂಗಿ ತಗೊಳ್ಳಂಗಿಲ್ಲ ರೀ. ಆಕಿದೊಂದು ನೇಮ ಅದ."

ಸೋಮವಾರ ಉಪವಾಸ ಮಾಡುವವರ ಬಗ್ಗೆ ಹೇಳುವ ದನಿಯಲ್ಲೇ ಹೇಳಿದಳು. ಸಾಲಿನವರೆಲ್ಲ ನನ್ನನ್ನು ಗೌರವದಿಂದ ನೋಡಿದರು. ಅವರ ಮಡಿಲಲ್ಲೆಲ್ಲ ಒಂದೊಂದು ಸೀರೆ, ನನ್ನ ಮಡಿಲಲ್ಲಿ ನನ್ನ ಎರಡು ಕೈ. ಇದೇ ನನಗೆ ಬೇಕಾಗಿತ್ತಲ್ಲ? ಇಷ್ಟು ವರ್ಷ ಇದಕ್ಕೇ ಹೊಡೆದಾಡಿದ್ದು. ಎದ್ದು ಹೋಗಲೂ ಆಗದೆ ಕೂತೆ, ನನಗೆ ತುಂಬ ಅವಮಾನವಾಯಿತು.

ಸಾಲು ಎದ್ದ ಮೇಲೆ ಅಕ್ಕನನ್ನು ಅಡುಗೆ ಮನೆಯ ಹಿಂದಕ್ಕೆ ಕರೆದು ಗುಲಾಬಿ ಸೀರೆಯ ಕವರು ಮುಂದೆ ಹಿಡಿದೆ. ಅವಳು ಕೈ ಚಾಚಲಿಲ್ಲ.

"ಕೊಟ್ಟಾಕಿಗಿ ತಿರುಗಿ ಕೊಡಬೇಕು. ನಿನಗ ಕೊಡಾಕ ಬರಂಗಿಲ್ಲ. ಹ್ಯಾಂಗ ತಗೊಳ್ಳಲಿ?"

"ಕೊಡು, ನಾನೂ ತಗೊಳ್ತೇನಿ," ಎಂದೆ. "ಸಾಕಾಗ್ಯದ ಅಕ್ಕಾ ನನಗ."

ಅವಳಿಗೆ ಈಗ ನಿಜವಾಗಿ ಸಿಟ್ಟು ಬಂತು. "ಹುಚ್ಚಿ ಏನ ನೀನು? ಎರಡ್ ವರ್ಷ ಹೋದಲ್ಲೆಲ್ಲ ನಿನ್ನ ಸಲುವಾಗಿ ಬಡದಾಡೀನಿ. ಸೊಕ್ಕಿನಾಕಿ ಅಂದವರಿಗೆಲ್ಲ, ಸೊಕ್ಕಲ್ಲ, ಆಕಿ ಮಾತ್ ಅಂದ್ರ ಮಾತ್, ಖಾಸ್ ಅಕ್ಕಂದs ತಗೊಳ್ಳಲಿಲ್ಲ ಅಂತ ಹೇಳೀನಿ. ಇವತ್ತ ಎಲ್ಲಾರ ಮುಂದ ಸೀರಿ ತಗೊಂಡು ಕುಂತ್ರ ನನ್ನ ಮಾರಿ ಎಲ್ಲಿ ಇಡ್ಲಿ?"

ಏನಾದರೂ ಹೇಳಬೇಕೆಂದು, "ನೀ ಉಟ್ಟ ಸೀರಿ ಚಂದದ. ಯಾವಾಗ ತಗೊಂಡಿ?" ಎಂದೆ.

"ಇದಾ?" ಅವಳು ಸೆರಗು ನೋಡಿಕೊಂಡಳು. "ನಿನಗಂತ ತಂದಿದ್ದು. ಮಗಳ ಮದಿವಿಗಿ. ನಿನಗ ಹೊಳಪ ಸೇರಂಗಿಲ್ಲಂತ ನಾಕ್ ಅಂಗಡಿ ತಿರಗಿದ್ದೆ. ಉಡಾಕ ಅಂತs ಹೇಳಿ ತಗೊಂಡಿದ್ದು. ಎರಡ್ ವರ್ಷ ಟ್ರಂಕಿನ್ಯಾಗ ಇತ್ತು. ಯಾರಿಗೂ ಕೊಡಾಕ ಮನಸ್ಸು ಬರಲಿಲ್ಲ. ಒಳ್ಳೇ ದಿನ ಅದ, ನಾನs ಉಡೂಣು ಅಂತ ಉಟ್ಟೆ."

ಒಲೆಯ ಹೊಗೆ ಕಣ್ಣಿಗೆ ಬರುತ್ತಿತ್ತು. ಬಾಗಿಲಲ್ಲಿ ಅವಳು "ಒಮ್ಮೆ ಬಿಚ್ಚಿರ ನೋಡು" ಎಂದದ್ದು ಕಿವಿಯಲ್ಲಿ ಕೇಳಿದಂತಾಯಿತು. ಊರಿನವರಿಗೆಲ್ಲ ನಾನು ಬೇರೆ, ನನ್ನನ್ನು ಬೇರೆಯಾಗಿ ನೋಡಿ ಎಂದು ಹೇಳುತ್ತ ಬಂದವಳು ನಾನು. ಹಾಗೆ ನೋಡಿದವಳು ಅಕ್ಕ ಒಬ್ಬಳೇ. ಅವಳಿಗೆ ನಾನು ಎಲ್ಲರಿಗೂ ಒಂದೇ ಕಾನೂನು ಎಂದು ಹೇಳಿ ಕಳಿಸಿದ್ದೆ.

ನಾಚಿಕೆ ಬಿಟ್ಟು ಕೇಳಿದೆ. "ಅಕ್ಕಾ, ಇದನ್ನ ನನಗ ಕೊಡ್ತಿ? ಒಗದು ಕೊಟ್ರೂ ನಡೀತದ."

ಅಕ್ಕ ಸೆರಗಿನ ಅಂಚನ್ನು ಬೆರಳಲ್ಲಿ ಸವರಿದಳು. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. "ಇಲ್ಲ ಯವ್ವಾ. ಮುಂಜಾನಿಂದ ಉಟ್ಟೀನಿ, ಮೈಗಿ ಹೊಂದ್ಯದ. ಇದು ಈಗ ನಂದಾಗ್ಯದ," ಎಂದಳು. ಮತ್ತೆ, "ಬಾ, ಎಲಿ ಹಾಕ್ಯಾರ, ಉಣ್ಣು," ಎಂದು ನನ್ನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು. ಪಕ್ಕದಲ್ಲೇ ಕೂಡಿಸಿಕೊಂಡು ಎರಡು ಸಲ ತುಪ್ಪ ಬಡಿಸಿದಳು. ಅವಳಿಗೆ ನನ್ನ ಮೇಲೆ ಯಾವ ಕೋಪವೂ ಇರಲಿಲ್ಲ, ಇದ್ದಿದ್ದರೆ ತಣಿಸಬಹುದಿತ್ತು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗುಲಾಬಿ ಸೀರೆಯ ಕವರು ತೊಡೆಯ ಮೇಲಿತ್ತು. ಕೈಚೀಲಕ್ಕೆ ಹಾಕಿಕೊಳ್ಳಬಹುದಿತ್ತು, ಹಾಕಲಿಲ್ಲ. ಪಕ್ಕದಲ್ಲಿ ಬುಟ್ಟಿ ಹಿಡಿದು ಕೂತ ಹೆಂಗಸು ನನ್ನ ಹಣೆಯ ಕುಂಕುಮ ನೋಡಿದಳು, ಕವರು ನೋಡಿದಳು.

"ಕಾರ್ಯಕ್ಕ ಹೋಗಿದ್ರೇನ್ರಿ? ಆಯೇರಿ ಬಂತಾ?"

"ಹೂಂ ರೀ," ಎಂದೆ.

ಅವಳು ಕವರಿನ ಮೇಲೆ ಬೆರಳಾಡಿಸಿದಳು. "ಚಂದದ. ಯಾರು ಕೊಟ್ಟಾರ್ರಿ?"

"ನಮ್ಮಕ್ಕ," ಎಂದೆ.